ಉಡಿಯಲ್ಲಿ ತಂದ ಹತ್ತಿಕಾಳು

ಹೊಸಪೇಟೆಯಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನ ಅಂಗಳದಲ್ಲಿ ಖರೀದಿಯ ಮನುಷ್ಯ ನಮ್ಮ ಬಂಡಿಗೆ ಕೈ ಹಾಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಡಿಗೆ ಚೀಲದ ಬಾಯಿ ಸಡಿಲಿಸಿ, ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ಹತ್ತಿ ಹೊರಗೆಳೆದ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಜಗ್ಗಿದ. ಎಳೆ ತಟಕ್ಕನೆ ಹರಿಯಿತು. ಕೈಯಲ್ಲಿದ್ದುದನ್ನು ನೆಲಕ್ಕೆ ಬಿಟ್ಟು, ಧೋತರಕ್ಕೆ ಬೆರಳು ಒರೆಸಿಕೊಂಡು ಮುಂದಿನ ಬಂಡಿಗೆ ಹೋದ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಮದ್ರಾಸು ಸರ್ಕಾರದ ಆ ಕಾಲದಲ್ಲಿ ಹತ್ತಿ ಮಾರುವ ಕಡೆ ಹೆಂಗಸರಿಗೆ ಕೆಲಸವಿರಲಿಲ್ಲ. ನಾನು ಸಂಡೂರಿನ ತವರಿಗೆ ಹೊರಟಿದ್ದವಳು, ಹೊಸಪೇಟೆಯವರೆಗೆ ನಮ್ಮದೇ ಹತ್ತಿ ಬಂಡಿಯಲ್ಲಿ ಬಂದಿದ್ದೆ. ಮದುವೆಯಾಗಿ ಕಂಪ್ಲಿ ಕಡೆಯ ಎರೆಹೊಲದ ಮನೆ ಸೇರಿ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷವೂ ಆ ಹತ್ತಿಯನ್ನು ಬಿತ್ತಿದ್ದೆ, ಕಳೆ ತೆಗೆದಿದ್ದೆ, ಸೊಂಟಕ್ಕೆ ಉಡಿ ಕಟ್ಟಿಕೊಂಡು ಬಿಡಿಸಿದ್ದೆ. ಬೆರಳ ತುದಿಯಲ್ಲಿ ಇನ್ನೂ ಗೀರುಗಳಿದ್ದವು. ಅಂಥ ಹತ್ತಿಯನ್ನು ಯಾರೋ ಮೂಗು ಒರೆಸಿದ ಬಟ್ಟೆಯ ಹಾಗೆ ನೆಲಕ್ಕೆ ಬಿಟ್ಟಿದ್ದ.

"ಏನ್ರಿ, ಯಾಕ ಹಂಗ ಒಗದ ಅವ?" ಎಂದು ನಮ್ಮ ಯಜಮಾನರನ್ನು ಕೇಳಿದೆ.

"ಗಿಡ್ಡ ಎಳಿ ಅಂತ. ಪ್ರತಿವರ್ಷ ಹಿಂಗs ಮಾಡ್ತಾರ, ಕಡೀಗೆ ತಗೋತಾರ. ಸುಮ್ನ ಕುಂದ್ರು."

ಅವರು ಸಾಧು ಮನುಷ್ಯ. ಯಾರಾದರೂ ಕಾಲು ತುಳಿದರೆ ತಮ್ಮ ಕಾಲು ಅಲ್ಲಿ ಇದ್ದದ್ದೇ ತಪ್ಪೇನೋ ಎಂದುಕೊಳ್ಳುವವರು. ನನಗೆ ಮಾತ್ರ ಸುಮ್ಮನೆ ಕೂರುವ ವಿದ್ಯೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬಂದಿಲ್ಲ. ಬಂಡಿಯಿಂದ ಇಳಿದು, ಎಲ್ಲರೂ ನೋಡುತ್ತಿದ್ದಂತೆಯೇ ನೆಲದ ಮೇಲಿನ ಆ ಹಿಡಿ ಹತ್ತಿಯನ್ನು ಎತ್ತಿ ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ತವರಿನಲ್ಲಿ ಅದನ್ನು ಅವ್ವನ ಮುಂದೆ ಬಿಚ್ಚಿದೆ. ಸಂಡೂರಿನ ಗುಡ್ಡದ ಕೆಂಪು ಮಣ್ಣಿನಲ್ಲಿ ನಾವು ಹತ್ತಿ ಬೆಳೆದವರಲ್ಲ, ಆದರೆ ಅವ್ವ ರಾಟೆ ತಿರುಗಿಸುತ್ತಿದ್ದಳು. ಕಾಳು ಬಿಡಿಸಿ ಸ್ವಲ್ಪ ನೂತಳು, ಹರಿಯಿತು. ಮತ್ತೆ ನೂತಳು, ಮತ್ತೆ ಹರಿಯಿತು. ಆಮೇಲೆ ತೊಡೆಯ ಮೇಲೆ ಹತ್ತಿಯನ್ನು ಬಿಡಿಬಿಡಿಯಾಗಿ ಹರಡಿ ಎರಡು ಪಾಲು ಮಾಡಿದಳು. ಒಂದರ ಎಳೆ ಬೆರಳ ಗೆಣ್ಣಿನಷ್ಟು ಉದ್ದ, ಇನ್ನೊಂದರದು ಅದರ ಅರ್ಧ.

"ಹತ್ತಿ ಕೆಟ್ಟಿಲ್ಲವ್ವ. ಎರಡು ಮೂರು ತರದ್ದು ಕೂಡೇದ. ಉದ್ದನೂ ಗಿಡ್ಡನೂ ಕೂಡಿಸಿ ನೂತ್ರ ಗಿಡ್ಡದ್ದು ಬಂದಲ್ಲೆ ಹರೀತದ. ಪಾಪ, ಉದ್ದಂದು ಏನು ಮಾಡೀತು?"

ಆ ಮಾತು ನನ್ನ ತಲೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ. ನಮ್ಮ ಹೊಲದಲ್ಲಿ ಒಳ್ಳೆಯ ಹತ್ತಿಯೇ ಬೆಳೆಯುತ್ತಿತ್ತು. ಪಕ್ಕದಲ್ಲಿ ಬೆಳೆದ ಗಿಡ್ಡ ಎಳೆಯದರಿಂದ ಅದಕ್ಕೂ ಮರ್ಯಾದೆ ಹೋಗುತ್ತಿತ್ತು.

ಅದೇ ಬೇಸಿಗೆಯಲ್ಲಿ ಕೃಷಿ ಇಲಾಖೆಯ ಮೇಸ್ತ್ರಿಯೊಬ್ಬರು ಊರಿಗೆ ಬಂದು ಚಾವಡಿಯ ಮುಂದೆ ಹೊಸ ಬೀಜದ ಮಾತಾಡಿದರು. ಉದ್ದ ಎಳೆಯ ಗಿಡಗಳನ್ನೇ ಆರಿಸಿ ಆರಿಸಿ ತೆಗೆದ ಬೀಜ, ನಮ್ಮ ಎರೆಮಣ್ಣಿಗೇ ಒಗ್ಗುವಂಥದ್ದು. ಜಿನ್ನಿಗೆ ಊರೂರಿನ ಹತ್ತಿ ಬಂದು ಬೀಳುವುದರಿಂದ ಅಲ್ಲಿಂದ ತಂದ ಕಾಳು ಯಾವಾಗಲೂ ಕಲಬೆರಕೆ. ಈ ಬೀಜ ಬೆಳೆದವರು ಬೇರೆಯದರ ಜೊತೆ ಒಂದು ಕಾಳೂ ಸೇರದಂತೆ ಕಾಯಬೇಕು, ಗಿಡ ನಿಂತಾಗ ತಾನು ಬಂದು ನೋಡಿ ಶುದ್ಧ ಎಂದರೆ ಮಾತ್ರ ಅದು ಊರಿಗೆಲ್ಲ ಬೀಜವಾಗುತ್ತದೆ ಎಂದರು. ಗಂಡಸರು ತಲೆಯಾಡಿಸಿ ಎದ್ದು ಹೋದರು. ನಾನು ಯಜಮಾನರನ್ನು ತಿವಿದು ತಿವಿದು ಬೀಜ ಕೇಳಲು ಮುಂದೆ ಕಳಿಸಿದೆ.

ಹೊಲ ಮನೆಯ ಕಾರುಬಾರು ಅತ್ತೆಯವರದು. ವಿಧವೆಯಾಗಿ ಇಪ್ಪತ್ತು ವರ್ಷ ಆ ಹೊಲವನ್ನು ಒಬ್ಬರೇ ನಡೆಸಿದವರು. ಒಂದು ಸಂಜೆಯಿಡೀ ನನ್ನ ವಾದ ಕೇಳಿದರು.

"ಮ್ಯಾಲಿನ ಎರಡೆಕರೆ ಕೊಡ್ತೀನಿ" ಅಂದರು ಕೊನೆಗೆ. "ಅವ ಬಂದು ಛಲೋ ಐತಿ ಅಂದ್ರ ಹೊಲಾ ಎಲ್ಲಾ ನಿನ್ನ ಬೀಜಾನ ಬಿತ್ತೋಣು. ಅನ್ನಲಿಲ್ಲಂದ್ರ ಹಳೇದ ಬಿತ್ತೋದು, ನೀ ಹೊಲದ ಮಾತು ಎತ್ತೋದು ಬ್ಯಾಡ. ಅಡಗಿ ಮಾಡಿಕೊಂಡು ಇರು."

ಅಡುಗೆಯಲ್ಲಿ ನಾನು ಅಷ್ಟಕ್ಕಷ್ಟೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗಿದ್ದ ಭಯ ಬೇರೆ. ಆ ಮನೆಯಲ್ಲಿ ನಾನು ನಾನಾಗಿದ್ದ ಜಾಗವೆಂದರೆ ಹೊಲವೊಂದೇ. ಅದೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಜಾಗವಾದರೆ ಉಸಿರು ಕಟ್ಟುತ್ತಿತ್ತು. ಆದರೂ ಹೂಂ ಅಂದೆ.

ಬೀಜದ ಚೀಲ ಬಂದ ದಿನದಿಂದ ಅದರ ಮೇಲೆ ಕಣ್ಣಿಟ್ಟು ಕೂತೆ. ಹಳೆಯ ಕಾಳು ತುಂಬಿಟ್ಟ ಗುಮ್ಮಿಯ ಹತ್ತಿರವೂ ಬಿಡದೆ ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಹತ್ತಿಕಾಳಿಗೆ ಮೈತುಂಬ ಜುಂಜು. ಒಂದಕ್ಕೊಂದು ಅಂಟಿ ಕೂರಿಗೆಯ ಕೊಳವೆಯಲ್ಲಿ ಇಳಿಯುವುದಿಲ್ಲ. ಅದಕ್ಕೇ ಬಿತ್ತುವ ಮೊದಲು ಸಗಣಿ, ಕೆಮ್ಮಣ್ಣು ಕಲಸಿದ ನೀರು ಹಾಕಿ ಹಗ್ಗದ ಹೊರಸಿನ ಮೇಲೆ ತಿಕ್ಕುತ್ತೇವೆ. ಜುಂಜು ಮೈಗೆ ಅಂಟಿ ಕಾಳು ಹಗ್ಗದ ಸಂದಿನಿಂದ ಬಿಡಿಬಿಡಿಯಾಗಿ ಕೆಳಗೆ ಬೀಳುತ್ತದೆ. ಹಳೆಯ ಕಾಳು ಹಗ್ಗದಲ್ಲಿ ಸಿಕ್ಕಿಕೊಂಡಿದ್ದರೆ ಎಂದು ನಾನು ಆ ಹೊರಸಿನ ಹಗ್ಗವನ್ನೇ ಬಿಚ್ಚಿಸಿ ಹೊಸದು ಹೆಣೆಸಿದೆ. ಅತ್ತೆ ನೋಡಿ, "ಮಲಗಾಕ ಹೆಣಸಂದ್ರ ಮೂರು ವರ್ಷದಿಂದ ಹೆಣಸಲಿಲ್ಲ" ಎಂದು ನಕ್ಕರು.

ಭಾದ್ರಪದದ ಹುಬ್ಬಿ ಮಳೆ ಹದವಾಗಿ ಬಿತ್ತು. ನಮ್ಮೂರಿನಲ್ಲಿ ಹತ್ತಿ ಬಿತ್ತನೆ ಮುಯ್ಯಿಯ ಕೆಲಸ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಬಿತ್ತಲು ಬರುವ ಹೆಂಗಸು ಬರಿಗೈಯಲ್ಲಿ ಬರುವುದಿಲ್ಲ. ತನ್ನ ಮನೆಯ ಬಿತ್ತನೆ ಕಾಳು ಒಂದು ಹಿಡಿ ಉಡಿಯಲ್ಲಿ ತಂದು ಹೊಲದೊಡತಿಯ ಬುಟ್ಟಿಗೆ ಸುರಿಯುತ್ತಾಳೆ. ಒಬ್ಬರ ಹೊಲದಲ್ಲಿ ಊರಿನವರೆಲ್ಲರ ಬೀಜ ಒಂದೊಂದು ಹಿಡಿ ಇದ್ದರೆ ಬೆಳೆಗೆ ಯಾರ ಕಣ್ಣೂ ಬೀಳುವುದಿಲ್ಲ ಎಂಬ ನಂಬಿಕೆ. ಬುಟ್ಟಿ ಹಿಡಿದವಳು ಬಾಗಿ ಅದರ ಅಂಚನ್ನು ಹಣೆಗೆ ಒತ್ತಿಕೊಳ್ಳಬೇಕು.

ನಾನು ಬುಟ್ಟಿ ಹಿಡಿದೆ. ಬಾಗಿದೆ. ಹಣೆಗೆ ಒತ್ತಿಕೊಂಡೆ.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹೊರಸಿನ ಹಗ್ಗ ಬಿಚ್ಚಿಸಿದವಳು, ಚೀಲದ ಬಳಿ ಕೋಳಿಯನ್ನೂ ಬಿಡದವಳು, ಐದು ಜನ ಹೆಂಗಸರು ಐದು ಹಿಡಿ ಹಳೆಯ ಕಾಳನ್ನು ನನ್ನ ಬುಟ್ಟಿಗೆ ಸುರಿದಾಗ ನಗುನಗುತ್ತಾ ಹಿಡಿದುಕೊಂಡಿದ್ದೆ. ನನಗೆ ಹೊಳೆಯಲೇ ಇಲ್ಲ. ಮೇಸ್ತ್ರಿ ಹೇಳಿದ್ದು ಬೀಜದ ಮಾತು, ಇದು ಉಡಿಯ ಮಾತು. ಎರಡೂ ಒಂದೇ ಎಂದು ನನ್ನ ಬುದ್ಧಿಗೆ ಕಾಣಲಿಲ್ಲ. ಎಲ್ಲವೂ ಕೆಮ್ಮಣ್ಣು ಮೆತ್ತಿಕೊಂಡಿದ್ದವು, ಬುಟ್ಟಿಗೆ ಬಿದ್ದ ಮೇಲೆ ಯಾವುದು ಯಾರದೆಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಅವರೊಳಗೆ ಎಲ್ಲರಿಗಿಂತ ದೊಡ್ಡ ಹಿಡಿ ಸುರಿದವರು ಬದುವಿನ ಆಚೆಯ ಹೊಲದ ದೊಡ್ಡಮ್ಮ.

ದೊಡ್ಡಮ್ಮ ನಮಗೆ ರಕ್ತಸಂಬಂಧಿಯಲ್ಲ. ಅತ್ತೆಗಿಂತ ಹತ್ತು ವರ್ಷ ದೊಡ್ಡವರು, ನನ್ನ ಮೊದಲ ಹೆರಿಗೆ ಮಾಡಿಸಿದವರು. ತಮ್ಮ ಹತ್ತಿಯ ಕಾಳನ್ನು ಎಂದೂ ಜಿನ್ನಿನಿಂದ ತಂದವರಲ್ಲ. ಅವರ ಅತ್ತೆ ಕೊಟ್ಟ ಬೀಜವನ್ನೇ ವರ್ಷವರ್ಷ ಮನೆಯಲ್ಲೇ ಬಿಡಿಸಿ, ಬೂದಿ ಹಚ್ಚಿ ಇಟ್ಟು ಬಿತ್ತುತ್ತಿದ್ದರು. ಅದರ ಎಳೆ ಗಿಡ್ಡ, ಆದರೆ ಮಳೆ ಕೈಕೊಟ್ಟರೂ ಗಿಡ ಒಣಗುತ್ತಿರಲಿಲ್ಲ ಎಂಬ ಹೆಮ್ಮೆ ಅವರಿಗೆ.

ಶಿವರಾತ್ರಿಯ ಹೊತ್ತಿಗೆ ಕಾಯಿ ಒಡೆಯತೊಡಗಿತು. ಮೇಸ್ತ್ರಿ ಬಂದು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಡೆದ ಕಾಯಿಯಿಂದ ಒಂದು ಕಾಳು ಬಿಡಿಸಿಕೊಂಡರು. ಜೇಬಿನಿಂದ ಸಣ್ಣ ಬಾಚಣಿಗೆ ತೆಗೆದು, ಕಾಳಿನ ಮೈಮೇಲಿನ ಎಳೆಯನ್ನು ಬೈತಲೆ ತೆಗೆದಂತೆ ಎರಡು ಕಡೆಗೆ ಬಾಚಿ ಒಂದು ಕರಿಯ ಬಟ್ಟೆಯ ಮೇಲಿಟ್ಟರು. ಉದ್ದಕ್ಕೆ ರೇಷ್ಮೆಯಂತೆ ಹರಡಿತು. ನನಗೆ ಹಿಗ್ಗು. ಎರಡನೆಯ ಗಿಡವೂ ಹಾಗೇ. ನಾಲ್ಕನೆಯ ಗಿಡದ ಕಾಳಿನ ಎಳೆ ಆ ಬಟ್ಟೆಯ ಮೇಲೆ ಮುಳ್ಳುಹಂದಿಯ ಮರಿಯ ಹಾಗೆ ಗಿಡ್ಡಕ್ಕೆ ನಿಂತಿತು.

"ಇದು ಬ್ಯಾರೆ ಬೀಜ ಐತಿ" ಅಂದರು. ಇನ್ನೂ ಹತ್ತು ಗಿಡ ನೋಡಿದರು. "ಕಲಬೆರಕಿ ಆಗೇದ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ನೀವು ಕೊಟ್ಟ ಚೀಲದಲ್ಲೇ ಇದ್ದಿರಬೇಕು ಎಂದು ಜೋರು ಮಾಡಿದೆ. ಆ ಪುಣ್ಯಾತ್ಮ ಸಿಟ್ಟಾಗಲಿಲ್ಲ. ಚೀಲ ಎಲ್ಲಿತ್ತು, ಹೊರಸು ಯಾವುದು, ಕೂರಿಗೆ ತೊಳೆದಿದ್ದಿರಾ ಎಂದು ಒಂದೊಂದಾಗಿ ಕೇಳುತ್ತಾ ಬಂದರು. ಎಲ್ಲಕ್ಕೂ ನನ್ನ ಬಳಿ ಉತ್ತರವಿತ್ತು. ಬದುವಿನ ಮೇಲೆ ನಿಂತು ಕೇಳುತ್ತಿದ್ದ ದೊಡ್ಡಮ್ಮ ಆಗ ನಡುವೆ ಬಾಯಿ ಹಾಕಿದರು.

"ಯಾವ ಬೀಜ ಅಂದ್ರ? ನಾವೆಲ್ಲಾ ಒಂದೊಂದು ಹಿಡಿ ಹಾಕೀವಲ್ಲ. ಹಾಕದs ಬರಿಗೈಲೆ ಬಂದೇವೇನು? ನಾ ಅಂತೂ ಎರಡು ಹಿಡಿ ಆಗೋವಷ್ಟು ಹಾಕೀನಿ."

ಬುಟ್ಟಿಯ ಅಂಚು ಹಣೆಗೆ ಒತ್ತಿದ ಜಾಗ ಉರಿದಂತಾಯಿತು. ಮೇಸ್ತ್ರಿ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಈ ವರ್ಷ ಇದು ಬೀಜಕ್ಕೆ ಆಗುವುದಿಲ್ಲ ಎಂದರು. ಆದರೆ ಗಿಡಗಿಡವನ್ನೂ ನೋಡಿ ಗಿಡ್ಡ ಎಳೆಯವನ್ನು ಕಿತ್ತು, ಉಳಿದುದನ್ನು ಬೇರೆಯಾಗಿ ಬಿಡಿಸಿ, ಮನೆಯಲ್ಲೇ ಕಾಳು ತೆಗೆದು ಬಿತ್ತಿದರೆ ಮುಂದಿನ ವರ್ಷ ಮತ್ತೆ ಬಂದು ನೋಡುತ್ತೇನೆ. ಆಗಲೂ ಹೀಗೇ ಇದ್ದರೆ ಮತ್ತೆ ಬರುವುದಿಲ್ಲ. ಇಷ್ಟು ಹೇಳಿ ಸೈಕಲ್ಲು ಹತ್ತಿದರು.

ಅತ್ತೆ ಮಾತು ಮುಗಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಒಡೆದ ಕಾಯಿಯೊಂದನ್ನು ಕಿತ್ತು ನನ್ನ ಕೈಗೆ ಹಾಕಿದರು.

"ಬುಟ್ಟಿ ಹಿಡದಾಕಿ ನೀನು. ತಗದು ಹಾಕಾಕಿನೂ ನೀನs. ಇನ್ನೊಂದು ಬೆಳಿ ನೋಡ್ತೀನಿ. ಅದು ಕಡೇದು."

ಮರುದಿನ ನಸುಕಿಗೇ ಹೊಲಕ್ಕಿಳಿದೆ. ನನ್ನ ಬಳಿ ಬಾಚಣಿಗೆ ಇರಲಿಲ್ಲ, ಇದ್ದರೂ ಎರಡೆಕರೆಗೆ ಅದರಿಂದ ಸಾಗುತ್ತಿರಲಿಲ್ಲ. ಕರಿಯ ಸೀರೆ ಉಟ್ಟೆ. ಪ್ರತಿ ಗಿಡದಿಂದ ಮೊದಲು ಒಡೆದ ಕಾಯಿಯ ಒಂದು ಎಸಳು ತೆಗೆದು, ಜಿನ್ನಿನ ಆ ಮನುಷ್ಯ ಮಾಡಿದಂತೆಯೇ ಬೆರಳಲ್ಲಿ ಜಗ್ಗಿ, ಎಳೆಯನ್ನು ಮಂಡಿಯ ಮೇಲೆ ಇಟ್ಟು ನೋಡುವುದು. ನನ್ನ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಬಂದರೆ ಗಿಡ ಉಳಿಯಿತು. ಬರದಿದ್ದರೆ ಬೇರುಸಹಿತ ಕೀಳುವುದು. ಮೊದಲ ದಿನ ಒಂದು ಸಾಲೂ ಮುಗಿಯಲಿಲ್ಲ. ಉಗುರಿನ ಸಂದಿ ಸೀಳಿ ರಕ್ತ ಬಂತು. ಬಟ್ಟೆ ಸುತ್ತಿಕೊಂಡರೆ ಎಳೆ ತಿಳಿಯುವುದಿಲ್ಲ, ಆದ್ದರಿಂದ ಬರಿಗೈಯಲ್ಲೇ ಮಾಡಿದೆ.

ಕಾಯಿ ತುಂಬಿದ ಗಿಡ ಕೀಳುವುದನ್ನು ಊರು ಎಂದೂ ಕಂಡಿರಲಿಲ್ಲ. ದಾರಿಹೋಕರು ನಿಂತು ನೋಡಿ, ಸಂಡೂರಿನವಳಿಗೆ ಗಾಳಿ ಸೋಕಿದೆ ಎಂದರು. ನಮ್ಮ ಯಜಮಾನರು ಮೂರು ದಿನ ದೂರದಿಂದ ನೋಡಿದರು. ನಾಲ್ಕನೆಯ ದಿನ ಮಾತಿಲ್ಲದೆ ಬಂದು ಪಕ್ಕದ ಸಾಲಿನಲ್ಲಿ ಕೂತು, ಕಾಯಿ ಕೊರೆಯುವ ಹುಳು ಬಿದ್ದು ಉದುರಿದ ಕಾಯಿಗಳನ್ನು ಆಯತೊಡಗಿದರು. ಅವನ್ನು ಹೊಲದಲ್ಲೇ ಬಿಟ್ಟರೆ ಹುಳು ಮಣ್ಣು ಸೇರಿ ಮುಂದಿನ ಬೆಳೆಗೆ ಏಳುತ್ತದೆ, ಆಯ್ದು ಸುಡಬೇಕು ಎಂದು ಮೇಸ್ತ್ರಿ ಹೇಳಿದ್ದರು. ಬಿಡಿಸುವುದು ಮುಗಿದ ಮೇಲೆ ಗಿಡಗಳನ್ನೂ ಬಿಡದೆ ಕಿತ್ತೆವು. ಊರಿನವರು ಅವನ್ನು ಆಡು ಮೇಯಲು ಮಳೆಗಾಲದವರೆಗೂ ಹಾಗೇ ಬಿಡುತ್ತಿದ್ದರು, ಹುಳಕ್ಕೆ ಅಷ್ಟೇ ಸಾಕಾಗಿತ್ತು.

ಆರಿಸಿದ ಹತ್ತಿಯನ್ನು ಜಿನ್ನಿಗೆ ಕಳಿಸುವಂತಿರಲಿಲ್ಲ. ಪಡಸಾಲೆಯಲ್ಲಿ ಚಪ್ಪಟೆ ಕಲ್ಲು ಹಾಕಿ, ಅದರ ಮೇಲೆ ಕಬ್ಬಿಣದ ಸರಳನ್ನು ಉರುಳಿಸಿ ಉರುಳಿಸಿ ಕಾಳು ಬೇರೆ ಮಾಡಿದೆವು. ಅತ್ತೆಗೆ ಆ ಕೆಲಸ ಚಿಕ್ಕಂದಿನಿಂದ ಗೊತ್ತಿತ್ತು. ಸರಳು ಅವರ ಕಾಲಡಿ ಹೋಗಿ ಬಂದು ಮಾಡುತ್ತಿದ್ದರೆ ಅರಳೆ ಒಂದು ಕಡೆ, ಕಾಳು ಇನ್ನೊಂದು ಕಡೆ. "ನಿನ್ನ ಹಠಕ್ಕ ನನ್ನ ಮೊಣಕಾಲು ಹೋದ್ವು" ಎಂದು ಬೈಯುತ್ತಲೇ ಯುಗಾದಿ ಕಳೆದು ಹದಿನೈದು ದಿನ ಉರುಳಿಸಿದರು. ನಾನು ಒಂದೊಂದು ಕಾಳನ್ನೂ ನೋಡಿ, ಎರಡೆರಡು ಅಂಟಿಕೊಂಡ ಜೋಡಿ ಕಾಳುಗಳನ್ನು ತೆಗೆದು ಒಲೆಗೆ ಹಾಕಿದೆ. ಆ ಜೋಡಿಯ ನಡುವೆ ಗುಲಾಬಿ ಬಣ್ಣದ ಹುಳು ನಿದ್ದೆ ಮಾಡುತ್ತಿರುತ್ತದೆ.

ಕಣ್ಣಿಗೆ ತಪ್ಪಿದ ಹುಳಕ್ಕೆ ಬಿಸಿಲೇ ಮದ್ದು ಎಂದಿದ್ದರು. ನಮ್ಮ ಕಡೆ ಬಂಡೆಗೆ ಬರವಿಲ್ಲ. ಕಂಪ್ಲಿಯಿಂದ ಹಂಪಿಯವರೆಗೆ ದೇವರು ಬಂಡೆಯನ್ನೇ ಬಿತ್ತಿದ್ದಾನೆ. ಊರ ಹೊರಗಿನ ಹಾಸುಬಂಡೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿದೆ. ನಡುಹಗಲು ಆ ಬಂಡೆಯ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಬೀಜದ ಜೀವವೇ ಸುಟ್ಟು ಹೋಗುತ್ತದೆ ಎಂದು ಅತ್ತೆ ಎರಡು ಸಲ ಕೊಡೆ ಹಿಡಿದುಕೊಂಡು ಬಂದು ನೋಡಿದರು. ಕಾಳಿನೊಳಗಿಂದ ಹುಳು ಹೊರಬಿದ್ದು ಬಂಡೆಯ ಮೇಲೆ ಒದ್ದಾಡಿ ಸಾಯುವುದನ್ನು ಕಂಡ ಮೇಲೆ ಬರುವುದು ಬಿಟ್ಟರು. ಮನೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಹತ್ತು ಕಾಳು ಕಟ್ಟಿಟ್ಟರು. ಒಂಬತ್ತು ಮೊಳೆತವು.

ಬೀಜ ಸಿದ್ಧವಾಯಿತು. ಉಳಿದದ್ದು ಉಡಿ.

ಮುಯ್ಯಿ ಇಲ್ಲದೆ ಬಿತ್ತಲು ಆಗದು, ಉಡಿಯ ಹಿಡಿ ಇಲ್ಲದೆ ಹೆಂಗಸರು ಬರರು. ಬೇಸಿಗೆಯಿಡೀ ಇದನ್ನೇ ಯೋಚಿಸಿದೆ. ಬಿತ್ತನೆಗೆ ಎರಡು ದಿನ ಮೊದಲು, ಕೆಮ್ಮಣ್ಣು ಮೆತ್ತಿದ ನನ್ನ ಕಾಳನ್ನೇ ಒಂದೊಂದು ಹಿಡಿ ಐದೂ ಮನೆಗೆ ಒಯ್ದೆ. ಇದನ್ನೇ ಉಡಿಯಲ್ಲಿ ತನ್ನಿ ಎಂದು ಬೇಡಿಕೊಂಡೆ. ನಾಲ್ವರು ನಕ್ಕರು, ಹುಚ್ಚು ಎಂದರು, ಇಟ್ಟುಕೊಂಡರು. ದೊಡ್ಡಮ್ಮ ಮಾತ್ರ ಕೈ ಚಾಚಲಿಲ್ಲ.

"ನಿನ್ನ ಕಾಳು ನನ್ನ ಉಡ್ಯಾಗ ಹಾಕ್ಕೊಂಡು ತಿರುಗಿ ನಿನಗs ತರಬೇಕೇನು? ಅದನ್ನ ಕೊಟ್ಟಂಗ ಅಂತಾರೇನು?"

ಅವರ ಮಾತು ಸರಿಯಾಗಿತ್ತು. ಆ ಹಿಡಿ ಕಾಳನ್ನು ಹಾಗೇ ವಾಪಸ್ಸು ತಂದೆ.

ಬಿತ್ತನೆಯ ದಿನ ನಾಲ್ವರೂ ಬಂದು ಸುರಿದರು. ಕೊನೆಗೆ ದೊಡ್ಡಮ್ಮ ಬದು ದಾಟಿ ಬಂದರು. ಉಡಿ ಬಿಚ್ಚಿದರು. ಅವರದೇ ಕಾಳು, ಅವರ ಅತ್ತೆಯ ಕಾಳು. ನಾನು ಬುಟ್ಟಿಯ ಬಾಯಿಗೆ ಅಂಗೈ ಅಡ್ಡ ಇಟ್ಟೆ.

"ಬ್ಯಾಡ್ರಿ ದೊಡ್ಡಮ್ಮ."

ದೊಡ್ಡಮ್ಮ ನನ್ನ ಕೈಯನ್ನು ನೋಡಿದರು, ಆಮೇಲೆ ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಪರವಾಗಿಯೂ ಮಾತಾಡಲಿಲ್ಲ, ಅವರ ಪರವಾಗಿಯೂ ಆಡಲಿಲ್ಲ. ನಾನು ಕೈ ತೆಗೆಯಲಿಲ್ಲ. ನನ್ನ ಕೂಸನ್ನು ಮೊದಲು ಮುಟ್ಟಿದ ಕೈ ದೊಡ್ಡಮ್ಮನದು. ಅದನ್ನು ಎಲ್ಲರ ಎದುರಿಗೆ ತಡೆದಿದ್ದೆ. ದೊಡ್ಡಮ್ಮ ಉಡಿ ಕಟ್ಟಿಕೊಂಡು, ಬಂದ ದಾರಿಯಲ್ಲೇ ತಮ್ಮ ಹೊಲಕ್ಕೆ ಹೋದರು. ಮರುದಿನ ಅವರ ಬಿತ್ತನೆಗೆ ನಾನು ಮುಯ್ಯಿಗೆ ಹೋದೆ. ಕೆಲಸ ಮಾಡಿಸಿಕೊಂಡರು, ಊಟ ಬಡಿಸಿದರು, ಮಾತಾಡಿಸಲಿಲ್ಲ.

ಆ ಮಳೆಗಾಲ, ಚಳಿಗಾಲ ಅವರು ನಮ್ಮ ಬದು ದಾಟಲಿಲ್ಲ. ನಾನು ಹಠ ಬಿಡಲಿಲ್ಲ. ಕಳೆದ ವರ್ಷದ ಕಾಳು ಮಣ್ಣಲ್ಲಿ ಉದುರಿ ತಾನಾಗಿ ಹುಟ್ಟಬಹುದೆಂದು ಸಾಲು ಬಿಟ್ಟು ಹುಟ್ಟಿದ ಗಿಡಗಳನ್ನೆಲ್ಲ ಕಿತ್ತೆ. ಕಾಯಿ ಒಡೆದ ಮೇಲೆ ಮತ್ತೆ ಗಿಡಗಿಡಕ್ಕೂ ಕೂತೆ. ಮೂರು ಸುತ್ತು ನೋಡಿದೆ. ಕೊನೆಯ ಸುತ್ತಿನಲ್ಲಿ ಒಂದೂ ಗಿಡ್ಡ ಎಳೆ ಸಿಗಲಿಲ್ಲ.

ಮೇಸ್ತ್ರಿ ಬಂದು ನೋಡಿ ಒಪ್ಪಿದರು, ಅತ್ತೆ ಮಾತಿಗೆ ತಪ್ಪದೆ ಇಡೀ ಹೊಲವನ್ನು ಆ ಬೀಜಕ್ಕೆ ಬಿಟ್ಟರು, ಎರಡು ವರ್ಷದಲ್ಲಿ ಊರಿಗೆಲ್ಲ ಅದೇ ಹಬ್ಬಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೇಳಬೇಕಾಗಿರುವುದು ಮೇಸ್ತ್ರಿ ಬರುವ ಹಿಂದಿನ ದಿನದ ಸಂಗತಿ.

ಮಧ್ಯಾಹ್ನ ಇಳಿಯುತ್ತಿತ್ತು. ನಾನು ಹೊಲದ ತುದಿಯಲ್ಲಿ ನಿಂತು, ನಾಳೆ ಅವರು ಎಲ್ಲಿಂದ ನೋಡಲು ಶುರುಮಾಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ದೊಡ್ಡಮ್ಮ ಬದು ದಾಟಿ ಒಳಗೆ ಬಂದರು. ನನ್ನನ್ನು ನೋಡದೆ, ಸಾಲಿನ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆದರು. ಗಿಡ ಮುಟ್ಟಲಿಲ್ಲ, ಎಳೆ ಜಗ್ಗಲಿಲ್ಲ. ಎಂಟನೆಯದೋ ಒಂಬತ್ತನೆಯದೋ ಸಾಲಿನ ನಡುವೆ ನಿಂತರು.

"ಇದು ನಂದು."

ಓಡಿಹೋಗಿ ನೋಡಿದೆ. ಬೇರೆ ಗಿಡಗಳ ಹಾಗೇ ಇತ್ತು, ಹೋದ ವರ್ಷ ಉದುರಿದ ಕಾಳು ಸಾಲಿನಲ್ಲೇ ಹುಟ್ಟಿ ನನ್ನ ಕಣ್ಣು ತಪ್ಪಿಸಿತ್ತು. ಕಾಯಿ ಇನ್ನೂ ಒಂದೂ ಒಡೆದಿರಲಿಲ್ಲ. ಮೂರು ಸುತ್ತಿನಲ್ಲೂ ನಾನು ಒಡೆದ ಕಾಯಿಯನ್ನೇ ಹುಡುಕಿದ್ದೆ. ಒಡೆಯದ ಗಿಡವನ್ನು ತಡವಾಯಿತೆಂದು ದಾಟಿ ಹೋಗಿದ್ದೆ.

"ಕಾಯಿ ಒಡದಿಲ್ಲಲ್ರಿ. ಹೆಂಗ ಹೇಳ್ತೀರಿ?"

"ಕೆಳಗಿನ ಟೊಂಗಿ ನೆಲಾ ಹಿಡದು ಹೊಂಟೇತಿ ನೋಡು. ನಿಮ್ಮದು ಮ್ಯಾಲೆ ಹೊಂಡತದ." ಅವರು ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. "ಐವತ್ತು ವರ್ಷ ಬಿತ್ತೀನಿ. ನನ್ನ ಗಿಡ ನನಗ ಗುರ್ತು ಹತ್ತದಿಲ್ಲೇನು?"

ಬಗ್ಗಿ, ಎರಡೂ ಕೈಯಲ್ಲಿ ಬುಡ ಹಿಡಿದು, ಅತ್ತಿತ್ತ ಅಲ್ಲಾಡಿಸಿ ಒಂದೇ ಎಳೆತಕ್ಕೆ ಕಿತ್ತರು. ಕಾಯಿ ತುಂಬಿದ ಗಿಡ. ಬೇರಿನ ಮಣ್ಣನ್ನು ತಮ್ಮ ಕಾಲಿಗೆ ಬಡಿದು ಉದುರಿಸಿದರು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಅವರು ಅದನ್ನು ಕಂಡೂ ಕಾಣದಂತೆ ಮುಂದಿನ ಸಾಲಿಗೆ ಹೋದರು.

ಹೊತ್ತು ಮುಳುಗುವವರೆಗೆ ಇಬ್ಬರೂ ಎರಡೆಕರೆಯನ್ನೂ ನಡೆದೆವು. ಇನ್ನೊಂದು ಸಿಕ್ಕಿತು, ಅದನ್ನೂ ಅವರೇ ಕಿತ್ತರು. ಮೂರನೆಯದು ಸಿಕ್ಕಾಗ ಅವರಿಗೆ ಸೊಂಟ ಹಿಡಿದಿತ್ತು. ನಾನು ಕೀಳುತ್ತೇನೆ ಎಂದು ಬಗ್ಗಿ ಬುಡಕ್ಕೆ ಕೈ ಹಾಕಿದೆ. ದೊಡ್ಡಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಬ್ಯಾಡ. ನೀ ಕಿತ್ತರ ನನ್ನ ಬೀಜ ನೀ ಒಗದಂಗ. ನಾ ಕಿತ್ತರ ನಂದು ನಾ ತಗೊಂಡು ಹೋದಂಗ."